ಸೊಸೆ ಬಂದಳು, ತಂಡ ಸೋತಿತು

ಆ ಮನೆಗೆ ಅವಳು ಸೊಸೆಯಾಗಿ ಬಂದ ವಾರವೇ ಊರಿನ ಫುಟ್‌ಬಾಲ್ ತಂಡ ತನ್ನ ಮೈದಾನದಲ್ಲೇ ಐದು ಗೋಲು ತಿಂದು ಸೋತಿತು. ಸೋತದ್ದಾದರೂ ಎಂಥವರ ಕೈಲಿ! ಆ ವರ್ಷ ಒಬ್ಬರನ್ನೂ ಸೋಲಿಸಿ ಗೊತ್ತಿಲ್ಲದವರ ಕೈಲಿ. ಅತ್ತೆ ಟೀವಿ ಆರಿಸಿ, ರಿಮೋಟನ್ನು ಸೋಫಾದ ಮೇಲೆ ಬಿಸಾಕಿ, ಟೀ ತಂದಿಟ್ಟ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಒಳ್ಳೇ ಕಾಲ್ಗುಣ ಕಣಮ್ಮಾ ನಿಂದು!"

ಗಂಡ ಪಕಪಕ ನಕ್ಕ. ಅವಳೂ ನಕ್ಕಳು, ಹೊಸ ಮನೆಯಲ್ಲಿ ಇನ್ನೇನು ಮಾಡಿಯಾಳು? ಆದರೆ ಆ ಮಾತು ಒಳಗಿಳಿದು ಗಟ್ಟಿಯಾಗಿ ಕೂತುಬಿಟ್ಟಿತು. ಅಡುಗೆ ಕೆಟ್ಟಿದೆ ಎಂದಿದ್ದರೆ ನಾಳೆ ಸರಿಯಾಗಿ ಮಾಡಬಹುದಿತ್ತು. ಕಾಲನ್ನು ಹೇಗೆ ತಿದ್ದಿಕೊಳ್ಳುವುದು ಸ್ವಾಮಿ?

ಅತ್ತೆ ಕೆಟ್ಟವರಲ್ಲ. ಹಾಗಂತ ಬಾಯಿಗೆ ಬೀಗ ಹಾಕಿಕೊಂಡವರೂ ಅಲ್ಲ. ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ರೇಗಿದರೆ ರೆಫ್ರಿಯ ಏಳು ತಲೆಮಾರನ್ನೂ ಜಾಲಾಡಿಬಿಡುವರು. ಸೊಸೆಗೋ ಫುಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಲ್ಯಾಬೊಂದರಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಬಿಸಿ ಮಾಡಿದ ಚಾಕುವಿನ ತುದಿಯಿಂದ ಒಂದೊಂದೇ ಹಲ್ಲು ಕೂರಿಸಬೇಕು. ಹಗಲೆಲ್ಲ ಊರಿನವರಿಗೆ ಹಲ್ಲು ಮಾಡಿಕೊಟ್ಟು, ಸಂಜೆ ಮನೆಗೆ ಬಂದು ತನ್ನ ಹಲ್ಲು ಕಚ್ಚಿಕೊಂಡು ಮ್ಯಾಚ್ ನೋಡತೊಡಗಿದಳು. ಆಟ ಹಿಡಿಸಿತೆಂದಲ್ಲ. ತಂಡ ಗೆದ್ದರೆ ತನ್ನ ಮೇಲಿನ ಅಪವಾದ ಕಳೆಯುತ್ತದಲ್ಲ, ಅದಕ್ಕೆ.

ಆದರೆ ತಂಡಕ್ಕೆ ಅವಳ ಮಾನದ ಚಿಂತೆ ಎಲ್ಲಿಯದು? ಆ ವರ್ಷವೇ ಮೊದಲ ದರ್ಜೆಯಿಂದ ಎರಡನೇ ದರ್ಜೆಗೆ ಬಿತ್ತು. ನೆಟ್ಟಗೆ ಗೋಲು ಹೊಡೆಯುತ್ತಿದ್ದ ಒಬ್ಬನೇ ಒಬ್ಬನನ್ನು ಕ್ಲಬ್ಬಿನವರು ಬೇರೆ ಊರಿಗೆ ಮಾರಿಬಿಟ್ಟರು. ಹೊಸ ಕೋಚ್ ಬಂದ, ಹೋದ; ಇನ್ನೊಬ್ಬ ಬಂದ, ಅವನೂ ಹೋದ. ನಡುವೆ ಒಂದು ವರ್ಷ ತಂಡ ಚಿಗುರಿಕೊಂಡು ಸಾಲಾಗಿ ಗೆದ್ದಾಗ ಸೊಸೆಗೆ ಹೋದ ಜೀವ ಬಂದಂತಾಯಿತು. ಕೊನೆಯ ಮ್ಯಾಚಿನಲ್ಲಿ ಮುಗ್ಗರಿಸಿದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗಂಡನಿಗೆ ಇದರ ತಲೆಬುಡ ತಿಳಿಯಲಿಲ್ಲ. "ಅಮ್ಮನ ಹುಚ್ಚು ನಿಂಗೂ ಹಿಡೀತಾ?" ಎಂದ. ಅವಳು ಮುಖ ಒರೆಸಿಕೊಂಡು ಅಡುಗೆಮನೆಗೆ ನಡೆದಳು.

ಅತ್ತೆಯ ಮಂಡಿ ಸವೆದ ಮೇಲೆ ಅವರನ್ನು ಕೈಹಿಡಿದು ಸ್ಟೇಡಿಯಂ ಮೆಟ್ಟಿಲು ಹತ್ತಿಸುವ ಕೆಲಸವೂ ಅವಳ ಪಾಲಿಗೇ ಬಂತು. ಗೋಲು ಹೊಡೆದರೂ ತಿಂದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಅತ್ತೆಯ ಮುಖದ ಕಡೆಗೆ. ಅತ್ತೆ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಎತ್ತದಿದ್ದರೇನು, ವಾಪಸು ತೆಗೆದುಕೊಂಡಿರಲೂ ಇಲ್ಲವಲ್ಲ!

ಅವಳ ಮಗಳು ಹೈಸ್ಕೂಲು ಸೇರಿದ ವರ್ಷ ತಂಡಕ್ಕೆ ಮತ್ತೆ ಮೇಲೇರುವ ಅವಕಾಶ ಬಂತು. ಒಂದೇ ಮ್ಯಾಚು, ಗೆಲ್ಲಲೇಬೇಕು. ಆಟ ಮುಗಿಯುತ್ತ ಬಂದಾಗ ಕುಂಟುತ್ತಿದ್ದ ಡಿಫೆಂಡರ್ ಒಬ್ಬನ ತಲೆಗೆ ಚೆಂಡು ಬಡಿದು ಗೋಲಿನೊಳಗೆ ಬಿತ್ತು. ಹೊಡೆದನೋ, ತಗುಲಿತೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಸ್ಟೇಡಿಯಂ ಹುಚ್ಚೆದ್ದು ಕುಣಿಯಿತು. ಅತ್ತೆ ಗುರುತು ಪರಿಚಯವಿಲ್ಲದ ಪಕ್ಕದವನನ್ನೇ ತಬ್ಬಿಕೊಂಡರು.

ಸೊಸೆ ಕಾದಳು. ಬಸ್ಸಿನಲ್ಲಿ ಅತ್ತೆ ಗೋಲಿನ ಬಗ್ಗೆ, ಕೋಚಿನ ಬಗ್ಗೆ, ಸ್ಟೇಡಿಯಂನ ಒರಟು ಕುರ್ಚಿಯ ಬಗ್ಗೆಯೂ ಮಾತಾಡಿದರು. ಆ ಮಾತೊಂದು ಬರಲಿಲ್ಲ. ಮನೆಗೆ ಬಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಈಗಲಾದ್ರೂ ಹೇಳಿ ಅತ್ತೆ. ನನ್ನ ಕಾಲ್ಗುಣ ಸರಿಹೋಯ್ತಾ?"

"ಯಾವ ಕಾಲ್ಗುಣವೇ?"

ಅವಳು ಎಲ್ಲ ಹೇಳಿದಳು. ಅತ್ತೆ ಬೆಪ್ಪಾಗಿ ಕೂತರು. "ನಾನಾ? ನಾನ್ಯಾವಾಗ ಹಂಗಂದೆ?"

ಸೊಸೆಗೆ ಮೈಯೆಲ್ಲ ಉರಿದುಹೋಯಿತು. "ಅಂದ್ರಿ, ಮರ್ತೂಬಿಟ್ರಿ! ನಾನು ಇಷ್ಟು ವರ್ಷ ಒಂದೊಂದು ಗೋಲಿಗೂ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ಆಟ ನೋಡಿದ್ದೆಲ್ಲ ಅದಕ್ಕೇ."

ಅತ್ತೆ ಅವಳ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ತಪ್ಪಾಯ್ತು ಕಣೇ. ಅವರು ಸೋತಿದ್ದು ಅವರ ಕಾಲಿಂದ, ನಿನ್ನ ಕಾಲು ಪಾಪ ಏನು ಮಾಡಿತ್ತು?" ಎಂದರು. ಆಮೇಲೆ ದನಿ ಸಣ್ಣದಾಯಿತು. "ನಿಂಗೂ ಆಟ ಇಷ್ಟ ಅಂದ್ಕೊಂಡಿದ್ದೆ. ಈ ಮನೇಲಿ ನಂಗೊಬ್ಬಳು ಜೊತೆ ಸಿಕ್ಕಳು ಅಂತ ಎಷ್ಟು ಹಿಗ್ಗಿದ್ದೆ ಗೊತ್ತಾ? ಇನ್ಮೇಲೆ ನೀನು ಬರಬೇಡ ಬಿಡು."

ಕೇಳಬೇಕೆಂದಿದ್ದ ಮಾತು ಕೇಳಿಯಾಗಿತ್ತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಹೊಸ ಸೀಸನ್ನಿನ ಮೊದಲ ಮ್ಯಾಚಿನ ದಿನ ಅತ್ತೆ ಕೋಲು ಊರಿಕೊಂಡು ಒಬ್ಬರೇ ಗೇಟು ದಾಟುತ್ತಿದ್ದುದು ಕಿಟಕಿಯಿಂದ ಕಂಡಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅತ್ತೆ ತೋಳು ಚಾಚಿದರು.

ಅಂದು ತಂಡ ಮಕ್ಕಳಂತೆ ಆಡಿತು. ಮೂರನೇ ಗೋಲೂ ಬಿದ್ದಾಗ ಸೊಸೆ ದಿಗ್ಗನೆ ಎದ್ದು ನಿಂತು, "ಕಣ್ಣು ಎಲ್ಲಿಟ್ಟಿದ್ದೀಯೋ ದಂಡಪಿಂಡ!" ಎಂದು ಗೋಲ್‌ಕೀಪರನ ಮೇಲೆ ಗಂಟಲು ಹರಿಯುವಂತೆ ಕೂಗಿದಳು. ಹಿಂದಿನ ಸಾಲಿನವರು ನಕ್ಕರು.

ಅತ್ತೆ ಅವಳ ತೋಳು ಜಗ್ಗಿದರು. "ಕೂತ್ಕೊಳ್ಳೇ, ಜನ ನೋಡ್ತಿದ್ದಾರೆ. ಸೋಲೋದು ಇದ್ದಿದ್ದೇ ಅಲ್ವಾ?"

"ನೀವು ಸುಮ್ನಿರಿ ಅತ್ತೆ, ನಿಮಗೆ ಗೊತ್ತಾಗಲ್ಲ," ಎಂದಳು ಸೊಸೆ, ಮೈದಾನದಿಂದ ಕಣ್ಣು ಕೀಳದೆ.