ಬುತ್ತಿ ಬಟ್ಟೆಯಲ್ಲಿ ಕಟ್ಟಿದ ಬಾಟಲಿ

ಅಕ್ಕನ ಬಾಯಿಯ ಹುಣ್ಣಿನಿಂದ ಕತ್ತರಿಸಿ ತೆಗೆದ ತುಣುಕನ್ನು ಕೆಡಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಎರಡು ಆಸ್ಪತ್ರೆಗಳ ಮೇಲೆ ಸಿಟ್ಟು ಮಾಡಲಿದ್ದೇನೆ. ಆಗ ಓದುವವರು ನನ್ನನ್ನು ಒಳ್ಳೆಯ ಮನುಷ್ಯನೆಂದು ತಿಳಿಯಬಾರದು.

ಹೈಸ್ಕೂಲು ಮುಗಿಸಿ ಕುಷ್ಟಗಿ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಜವಾನನಾಗಿ ಸೇರಿದೆ, ಅಲ್ಲಿಯೇ ನಿವೃತ್ತನಾದೆ. ನಿವೃತ್ತಿಗೆ ಎರಡು ವರ್ಷ ಇರುವಾಗ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯವರು ನಮ್ಮ ಆಸ್ಪತ್ರೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಬಾಯಿಹುಣ್ಣು, ಎದೆಯ ಗಂಟು ಇದ್ದವರು ಅಷ್ಟು ದೂರ ಅಲೆಯಬಾರದು. ನಮ್ಮ ಡಾಕ್ಟರು ತುಣುಕು ತೆಗೆದು ಕಳಿಸಬೇಕು, ಅವರು ಪರೀಕ್ಷೆ ಮಾಡಿ ಕಂಪ್ಯೂಟರಿನಲ್ಲಿ ವರದಿ ಕಳಿಸಬೇಕು. ಜೊತೆಗೆ ನಮ್ಮ ಭಾಗದವರಿಗೆ ಈ ರೋಗ ಏಕೆ ಇಷ್ಟು ತಡವಾಗಿ ಗೊತ್ತಾಗುತ್ತದೆ ಎಂದು ಸಂಶೋಧನೆಯನ್ನೂ ಮಾಡುವುದು. ಬ್ಯಾನರ್ ಕಟ್ಟಿದರು, ಫೋಟೋ ತೆಗೆಸಿಕೊಂಡರು, ನಮಗೆಲ್ಲ ಮಂಡಕ್ಕಿ, ಮಿರ್ಚಿ ಹಂಚಿದರು. ಕೆಲಸ ನಿಜವಾಗಿಯೂ ಒಳ್ಳೆಯದೇ. ಆದರೆ ಆ ಬಾಟಲಿಯನ್ನು ಅಲ್ಲಿಯವರೆಗೆ ಒಯ್ಯುವವರು ಯಾರು ಎಂಬುದು ಒಪ್ಪಂದದ ಯಾವ ಪುಟದಲ್ಲಿಯೂ ಇರಲಿಲ್ಲ. ಎರಡೂ ಕಡೆಯ ದೊಡ್ಡವರು ಸಹಿ ಹಾಕಿ ಎದ್ದು ಹೋದರು. ಒಯ್ಯುವುದು ನನ್ನ ಪಾಲಿಗೆ ಬಂತು.

ನಮ್ಮ ಕಡೆ ಸಾಲಿ ಕಲಿಯಲು ಹೋದ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರೆ. ರೊಟ್ಟಿ, ಪಲ್ಯ ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರಾಯಿತು, ಆ ಊರಿನಲ್ಲಿ ಒಬ್ಬರು ಬಂದು ಇಳಿಸಿಕೊಳ್ಳುತ್ತಾರೆ. ನಾನು ಕೊಪ್ಪಳದಲ್ಲಿ ಹೈಸ್ಕೂಲು ಓದುವಾಗ ಅಕ್ಕ ನನಗೆ ಹೀಗೆಯೇ ಬುತ್ತಿ ಕಳಿಸುತ್ತಿದ್ದಳು. ಆಸ್ಪತ್ರೆಯ ಸಾಮಾನನ್ನು ಕಂಡಕ್ಟರುಗಳು ಮುಟ್ಟುವುದಿಲ್ಲ. ಆದ್ದರಿಂದ ನಾನು ಬಾಟಲಿಗಳನ್ನು ಬುತ್ತಿಯ ಹಾಗೆ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದೆ. ದೊಡ್ಡ ಆಸ್ಪತ್ರೆಯ ಜವಾನ ಇಳಿಸಿಕೊಳ್ಳುತ್ತಿದ್ದ. ಡಾಕ್ಟರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಅಕ್ಕನನ್ನು ಗಂಗಾವತಿ ಕಡೆಯ ಸಿದ್ದಾಪುರಕ್ಕೆ ಕೊಟ್ಟಿದ್ದರು. ಭತ್ತದ ಗದ್ದೆಗಳಲ್ಲಿ ಸಸಿ ಹಚ್ಚಿ ಸೊಂಟ ಬಾಗಿಸಿಕೊಂಡವಳು. ಎಲೆ ಅಡಿಕೆಯ ಜೊತೆ ತಂಬಾಕು ಹಾಕುತ್ತಿದ್ದಳು. ಎಡಗೆನ್ನೆಯ ಒಳಗೆ ಹುಣ್ಣಾದಾಗ, ಹತ್ತಿರದ ಗಂಗಾವತಿ ಬಿಟ್ಟು ನನ್ನ ಆಸ್ಪತ್ರೆಗೇ ಬಂದಳು.

“ಗಂಗಾವತ್ಯಾಗ ತೋರಸಬಾರದೇನಬೇ?” ಎಂದೆ.

“ನನ್ನ ತಮ್ಮ ದವಾಖಾನ್ಯಾಗ ಅದಾನ, ನಾ ಯಾಕ ಮಂದಿ ಮುಂದ ಬಾಯಿ ತಗೀಲಿ?” ಎಂದು ನಕ್ಕಳು.

ಡಾಕ್ಟರು ತುಣುಕು ತೆಗೆದು ಫಾರ್ಮಲಿನ್ ಎಂಬ ಔಷಧದ ಬಾಟಲಿಗೆ ಹಾಕಿದರು. ಅದರಲ್ಲಿದ್ದರೆ ಮಾಂಸ ಕೊಳೆಯುವುದಿಲ್ಲ. ಆ ದಿನದ ಬಾಟಲಿಯ ಮುಚ್ಚಳ ಸೀಳಿ ಔಷಧದ ಘಾಟು ಹೊರಗೆ ಬರುತ್ತಿತ್ತು. ಬೇರೆ ಬಾಟಲಿ ಕೇಳಬೇಕಿತ್ತು. ಅಕ್ಕನದು ಬೇಗ ಹೋಗಲಿ ಎಂದು ಹಾಗೆಯೇ ಬಸ್ ಸ್ಟ್ಯಾಂಡಿಗೆ ಓಡಿದೆ.

ಕಂಡಕ್ಟರ ಗಂಟನ್ನು ಮೂಗಿನ ಹತ್ತಿರ ಒಯ್ದು ಕೈ ಚಾಚಿ ಹಿಡಿದ. “ಏನ್ ಕಾಕಾ, ಯಾರ ಮನಿ ರೊಟ್ಟಿರೀ ಇವು? ಕಣ್ಣಾಗ ನೀರ ಬರಾಕತ್ತಾವ. ಇದನ್ನ ತಿಂದಾಂವ ಬದುಕ್ತಾನೇನು?”

“ಉಪ್ಪಿನಕಾಯಿ ಐತಿ, ಹಳೇದು.”

“ವಾಸನಿ ಹೋಗಿಂದ ತಗೊಂಡ ಬರ್ರಿ. ಇನ್ನ ಹತ್ತು ಮಿನಿಟು ನಿಂತಿರ್ತೀನಿ.”

ಆ ಸುಳ್ಳೇ ನನಗೆ ಉಪಾಯ ಕೊಟ್ಟಿತು. ಉಪ್ಪು ಹಾಕಿದ್ದು ಕೆಡುವುದಿಲ್ಲ ಎಂದು ಚಿಕ್ಕಂದಿನಿಂದ ನೋಡಿದವನು ನಾನು. ಅಕ್ಕ ಹಾಕಿದ ಮಾವಿನ ಉಪ್ಪಿನಕಾಯಿ ವರ್ಷವಿಡೀ ಇರುತ್ತಿತ್ತು. ಸ್ಟ್ಯಾಂಡಿನ ಹಿಂದೆ ಹೋಗಿ ಫಾರ್ಮಲಿನ್ ಚೆಲ್ಲಿದೆ. ಮಿರ್ಚಿ ಗಾಡಿಯವನ ಹತ್ತಿರ ಒಂದು ಹಿಡಿ ಉಪ್ಪು ಇಸಿದುಕೊಂಡೆ. ನಲ್ಲಿಯ ನೀರು ತುಂಬಿ, ಉಪ್ಪು ಹಾಕಿ, ಅಲುಗಾಡಿಸಿ, ಮತ್ತೆ ಬಟ್ಟೆಯಲ್ಲಿ ಕಟ್ಟಿದೆ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವನು. ಬಸ್ಸು ಹೊರಟಾಗ, ಜಾಣತನ ಮಾಡಿದೆ ಎಂದುಕೊಂಡು ಅದೇ ಗಾಡಿಯಲ್ಲಿ ಮಿರ್ಚಿ ತಿಂದೆ.

ವರದಿ ಬರಲಿಲ್ಲ. ಅಕ್ಕ ವಾರವಾರ ಬಂದಳು. ಆಸ್ಪತ್ರೆಯ ಬಾಗಿಲಲ್ಲಿ ನಾನೇ ಅವಳನ್ನು ತಡೆದು, “ದೊಡ್ಡ ದವಾಖಾನಿ ಐತಿ, ತಡಾ ಆಗ್ತೈತಿ” ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ. ನಮ್ಮವರು ಫೋನು ಮಾಡಿದರೆ ದೊಡ್ಡ ಆಸ್ಪತ್ರೆಯವರು, “ಆವತ್ತೇ ಕಳಿಸೀವಲ್ರಿ, ನಿಮ್ಮ ಕಂಪ್ಯೂಟರ್ ನೋಡ್ಕೊಳ್ರಿ” ಎನ್ನುತ್ತಿದ್ದರು. ನೋಡುವವರು ಯಾರು? ವರದಿ ಬರುವ ಕಂಪ್ಯೂಟರ್ ಖಾತೆ ತೆರೆಯಲು ಗೊತ್ತಿದ್ದದ್ದು ಒಬ್ಬ ಆಪರೇಟರಿಗೆ ಮಾತ್ರ. ಅವನನ್ನು ಯಲಬುರ್ಗಾ ಕಡೆಯ ಕೆಲಸಕ್ಕೂ ಹಾಕಿದ್ದರು. ನಮ್ಮಲ್ಲಿಗೆ ಬಂದ ದಿನ ಕರೆಂಟು ಇರುತ್ತಿರಲಿಲ್ಲ, ಕರೆಂಟು ಇದ್ದ ದಿನ ಅವನು ಇರುತ್ತಿರಲಿಲ್ಲ. ಒಂದು ಆಸ್ಪತ್ರೆ ಕಳಿಸಿ ಕೈ ತೊಳೆದುಕೊಂಡಿತ್ತು, ಇನ್ನೊಂದು ಬಂದಿಲ್ಲವೆಂದು ಕೈ ಕಟ್ಟಿಕೊಂಡಿತ್ತು. ಒಪ್ಪಂದದ ಫೋಟೋ ಮಾತ್ರ ಗೋಡೆಯ ಮೇಲೆ ಗಟ್ಟಿಯಾಗಿತ್ತು. ದಿನಾಲೂ ಅದರ ಧೂಳು ಒರೆಸುವವನು ನಾನೇ.

ಏಳು ವಾರದ ಮೇಲೆ ಖಾತೆ ತೆರೆದರು. ಅಕ್ಕನ ಹೆಸರಿನ ಮುಂದೆ ಒಂದೇ ಸಾಲು: ಮಾದರಿ ಕೊಳೆತಿದೆ, ಮತ್ತೆ ಕಳಿಸಿ. ಡಾಕ್ಟರು, “ಇದು ಹೆಂಗ ಕೊಳೀತು?” ಎಂದು ಎಲ್ಲರ ಮುಖ ನೋಡಿದರು. ನಾನು ಕಸಬರಿಗೆ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ನಿವೃತ್ತಿ ಹತ್ತಿರವಿತ್ತು.

ಎರಡನೆಯ ತುಣುಕನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಈ ಸಲ ವಾರದಲ್ಲಿ ಗೊತ್ತಾಯಿತು, ಕ್ಯಾನ್ಸರ್. ಅಷ್ಟರಲ್ಲಿ ಕುತ್ತಿಗೆಯಲ್ಲೂ ಗಂಟು ಎದ್ದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಎಡದವಡೆ ತೆಗೆದರು, ಆಮೇಲೆ ಕರೆಂಟು, ಅಂದರೆ ಕಿರಣದ ಚಿಕಿತ್ಸೆ, ಕೊಟ್ಟರು. ಏಳು ವಾರ ಮೊದಲು ಹೋಗಿದ್ದರೆ ದವಡೆ ಉಳಿಯುತ್ತಿತ್ತೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಆ ಮಾತನ್ನು ಹಿಡಿದುಕೊಂಡು ಮತ್ತೊಂದು ವರ್ಷ ಸುಮ್ಮನಿದ್ದೆ.

ಸುಮ್ಮನಿದ್ದಷ್ಟು ದಿನವೂ ಬೈಗುಳ ತಿಂದವಳು ಅಕ್ಕ. ಅವಳ ಮಗ, “ಮದಲ ತೋರಿಸಿಕೊಂಡಿದ್ದರ ಹಿಂಗಾಗತಿತ್ತಾ? ತಂಬಾಕಿನ ಚಟಾ ಬಿಡಲಿಲ್ಲ, ಊರ ತುಂಬ ಅಡ್ಡಾಡಿದಿ” ಎಂದು ನನ್ನ ಎದುರೇ ಅಂದ. ಅಕ್ಕ ನುಚ್ಚಿನ ಗಂಜಿಯ ಬಟ್ಟಲು ಕೆಳಗಿಟ್ಟಳು. ನಾನು ಚಹಾ ಕುಡಿದೆ.

ಕಳೆದ ತಿಂಗಳು ದೊಡ್ಡ ಆಸ್ಪತ್ರೆಯಿಂದ ಸಂಶೋಧನೆಗೆಂದು ಒಬ್ಬ ಎಳೆವಯಸ್ಸಿನ ಡಾಕ್ಟರಮ್ಮ ಸಿದ್ದಾಪುರಕ್ಕೆ ಬಂದರು. ಬೆಂಗಳೂರು ಕಡೆಯವರು. ನಾನೂ ಅಲ್ಲಿದ್ದೆ. ಕೈಯಲ್ಲಿನ ಟ್ಯಾಬ್ ನೋಡುತ್ತ ಅಕ್ಕನಿಗೆ ಪ್ರಶ್ನೆ ಕೇಳಿದರು. ತಡವಾಗಲು ಕಾರಣ ಎಂಬಲ್ಲಿಗೆ ಬಂದಾಗ ಕೇಳಲೂ ಇಲ್ಲ. “ಫೈಲಿನಲ್ಲೇ ಇದೆ, ರೋಗಿಯ ನಿರ್ಲಕ್ಷ್ಯ” ಎಂದು ಒತ್ತಿದರು. ಅಕ್ಕ ತಲೆ ತಗ್ಗಿಸಿ ಹೂಂ ಅಂದಳು.

ನನ್ನ ಮೈಯೆಲ್ಲ ಉರಿಯಿತು. ವಾರವಾರ ಬಸ್ಸು ಹತ್ತಿ ಬಂದವಳು ನಿರ್ಲಕ್ಷ್ಯ ಮಾಡಿದಳೇ? ಇಂಥವನ್ನು ಕೂಡಿಸಿಯೇ ಇವರು ನಮ್ಮ ಜನಕ್ಕೆ ತಿಳಿವಳಿಕೆಯಿಲ್ಲ ಎಂದು ಪುಸ್ತಕ ಮಾಡುವುದು?

“ಅಳಸ್ರಿ ಅದನ್ನ” ಎಂದೆ. “ತುಣುಕು ಕೊಳೀತು. ಔಷಧ ಚೆಲ್ಲಿ ಉಪ್ಪುನೀರು ಹಾಕಿದಾಂವ ನಾನು. ಕೊಳೆತೈತಿ ಅನ್ನೂದನ್ನ ನಿಮ್ಮವರು ಕಂಪ್ಯೂಟರಿಗೆ ಹಾಕಿ ಮರೆತರು, ನಮ್ಮವರು ತಗದು ನೋಡಲಿಲ್ಲ. ಅಕೀ ಏನ್ ತಪ್ಪು ಮಾಡ್ಯಾಳ?”

ಡಾಕ್ಟರಮ್ಮ ಗಾಬರಿಯಾದರು. “ತಾತ, ಇದರಲ್ಲಿ ರೋಗಿಯ ಭಯ, ಬಡತನ, ನಾಟಿ ಔಷಧಿ, ನಿರ್ಲಕ್ಷ್ಯ ಇಷ್ಟೇ ಇದೆ. ಆಸ್ಪತ್ರೆಯ ತಪ್ಪು ಅನ್ನೋದು ಇಲ್ಲ.”

“ಯಾಕಿಲ್ಲ? ಆಸ್ಪತ್ರೆಯವರು ದೇವರೇನು?”

“‘ಇತರೆ’ ಅಂತ ಒಂದಿದೆ. ಅದರಲ್ಲಿ ಬರೀತೀನಿ.”

ಇದೆಲ್ಲ ನಡೆಯುವಾಗ ನಾನು ಅಕ್ಕನ ಕಡೆ ನೋಡಿರಲಿಲ್ಲ. ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮಾತು ಈಗ ತೊದಲುತ್ತದೆ, ಮನೆಯವರಿಗಷ್ಟೇ ತಿಳಿಯುತ್ತದೆ.

“ನೀನಾ?” ಎಂದಳು.

“ಹೌದಬೇ.”

“ಬಾಗಲದಾಗ ನಿಂತು ಬರ್ತೈತಿ, ಬರ್ತೈತಿ ಅಂದ್ಯಲ್ಲೋ.”

“ಆವಾಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಹೇಳಲಿಲ್ಲ.” ಕಾಲು ಮುಟ್ಟಲು ಬಾಗಿದೆ. ಕಾಲು ಹಿಂದಕ್ಕೆ ತೆಗೆದುಕೊಂಡಳು.

“ಕಾಲು ಆಮ್ಯಾಲ. ಮದಲ ಬರಸು. ನನ್ನ ಮಗನ ಮುಂದ ಓದಸು.”

ಮಗನನ್ನು ಹೊಲದಿಂದ ಕರೆಸಿದಳು. ಡಾಕ್ಟರಮ್ಮ ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಬಾಟಲಿ ಒಯ್ಯುವವರು ಫಾರ್ಮಲಿನ್ ಚೆಲ್ಲಿ ಉಪ್ಪುನೀರು ಹಾಕಿದ್ದರಿಂದ ಮಾದರಿ.” ಅಲ್ಲಿಗೆ ನಿಂತಿತು. ಆ ಜಾಗ ಅದಕ್ಕಿಂತ ಹೆಚ್ಚು ಅಕ್ಷರ ತೆಗೆದುಕೊಳ್ಳುವುದಿಲ್ಲವಂತೆ. ನನ್ನ ತಪ್ಪು ಹಿಡಿಸಿತ್ತು. ಅವರ ಏಳು ವಾರಕ್ಕೆ ಜಾಗ ಇರಲಿಲ್ಲ. ಮಗ ತಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ.

“ಅರ್ಧಕ್ಕ ನಿಂತೈತಿ” ಎಂದಳು ಅಕ್ಕ ನನ್ನ ಕಡೆ ತಿರುಗಿ. “ಸಾಲಿ ಕಲ್ತೀಯಲ್ಲ. ಉಳಿದದ್ದು ನೀ ಬರಿ.”

ಬರೆದಿದ್ದೇನೆ. ಭಾನುವಾರ ಸಿದ್ದಾಪುರಕ್ಕೆ ಹೋಗಿ ಅವಳ ಮುಂದೆ, ಮಗನ ಮುಂದೆ ಓದಬೇಕು. ಫಾರ್ಮಲಿನ್ ಚೆಲ್ಲಿದ ಸಾಲು ಬಂದಾಗ ದನಿ ತಗ್ಗಿಸಬಾರದು. ಕರೆಂಟು ಕೊಟ್ಟ ಮೇಲೆ ಅವಳ ಎಡಗಿವಿ ಮಂದವಾಗಿದೆ, ಬಲಗಡೆ ಕುಳಿತು ಓದಬೇಕು.