ನಾಯಕರ ಬಿಳಿಕೂದಲು

ಮೊನ್ನೆ ಕ್ಷೌರದವನು ಕನ್ನಡಿಯನ್ನು ನನ್ನ ಕಿವಿಯ ಪಕ್ಕಕ್ಕೆ ಹಿಡಿದು, ಸಾವಿನ ಸುದ್ದಿ ತಂದವನ ಗಾಂಭೀರ್ಯದಿಂದ, “ಮಾಸ್ತರ, ಇಲ್ಲಿ ಬೆಳ್ಳಗಾಗಾಕತ್ತೈತ್ರಿ” ಎಂದ. ನರೆಯು ಜ್ಞಾನಪಕ್ವತೆಯ ಲಕ್ಷಣವೆಂದು ಮೂಡಲಗಿಯ ಸಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ನಾನು, ಆ ಜ್ಞಾನ ಕಿವಿಯವರೆಗೆ ಬಂದು ಒಳಗೆ ಹೋಗಲು ದಾರಿ ಕಾಣದೆ ಅಲ್ಲಿಯೇ ಠಾಣ್ಯ ಹೂಡಿದ್ದನ್ನು ಕಂಡು ಸಂತೋಷಪಡಬೇಕಾಗಿತ್ತು, ಪಡಲಿಲ್ಲ. ಆದರೆ ಮಿತ್ರರೇ, ನನಗಿಂತ ಎಷ್ಟೋ ಮೊದಲು ನನ್ನ ಕಣ್ಣೆದುರಿಗೇ ಒಬ್ಬ ಮಹಾಪುರುಷರ ತಲೆ ವರ್ಷಕ್ಕೆ ಒಂದೆಳೆಯಂತೆ ಬೆಳ್ಳಗಾದದ್ದನ್ನು ನಾನು ಬಲ್ಲೆ. ಅವರು ಬದುಕಿದ್ದರೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವರ ಹೆಸರನ್ನು ನಾನು ಹೇಳಬೇಕಾಗಿಲ್ಲ. ದೇಶದ ಹೊರಗೆ ಫೌಜು ಕಟ್ಟಿ, ಯುದ್ಧ ಮುಗಿಯುವ ಹೊತ್ತಿಗೆ ವಿಮಾನ ಏರಿ, ಆಮೇಲೆ ಯಾರ ಕಣ್ಣಿಗೂ ಬೀಳದ ನಾಯಕರು. ವಿಮಾನ ಸುಟ್ಟು ತೀರಿಕೊಂಡರು ಎಂಬುದು ಒಂದು ಪಕ್ಷ. ಹಿಮಾಲಯದಲ್ಲಿ ಸನ್ಯಾಸಿಯಾಗಿದ್ದಾರೆ, ರಶಿಯಾದ ಸೆರೆಯಲ್ಲಿದ್ದಾರೆ ಎಂಬುವು ಉಳಿದ ಪಕ್ಷಗಳು. ಮೂಡಲಗಿಯ ಚಹಾದಂಗಡಿಯಲ್ಲಿ ‘ಬದುಕಿದ್ದಾರೆ’ ಪಕ್ಷದ ಪ್ರಧಾನ ವಾಗ್ಮಿ ನಾನೇ. ವರ್ತಮಾನಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಅಂಟಿಸಿದ ನನ್ನ ವಹಿಯಲ್ಲಿ ನಾಯಕರು ಒಂದೇ ತಿಂಗಳಿನಲ್ಲಿ ಮೂರು ದೇಶಗಳಲ್ಲಿ ಕಾಣಿಸಿಕೊಂಡದ್ದುಂಟು.

ಈ ಪಾಂಡಿತ್ಯಕ್ಕೆ ಒಂದು ಕಾರಣವಿತ್ತು. ನನ್ನ ಅಕ್ಕ ಪಾರವ್ವನನ್ನು ಹುಕ್ಕೇರಿಗೆ ಕೊಟ್ಟಿತ್ತು. ಅವಳ ಗಂಡ ಈರಪ್ಪಮಾವ ಮದುವೆಯಾದ ಎರಡನೆಯ ವರ್ಷಕ್ಕೆ ಪಲ್ಟಣಿಗೆ ಸೇರಿ, ಸಿಂಗಾಪುರದಲ್ಲಿ ಸೆರೆಸಿಕ್ಕು, ಅಲ್ಲಿಂದ ನಾಯಕರ ಫೌಜಿಗೆ ಹೋದನೆಂದು ಸುದ್ದಿ ಬಂತು. ಆಮೇಲೆ ಏನೂ ಬರಲಿಲ್ಲ. ಸತ್ತನೆಂಬ ಕಾಗದವೂ ಇಲ್ಲ, ಇದ್ದಾನೆಂಬ ಕಾಗದವೂ ಇಲ್ಲ. ಅಕ್ಕನ ಮಾವನವರು, ಮುಂಡಾಸು ಸುತ್ತಿದ ಶಿಸ್ತಿನ ಮುದುಕ, ಒಂದು ತೀರ್ಮಾನ ಹೇಳಿಬಿಟ್ಟರು: “ನಾಯಕರು ಇದ್ರ ನನ್ನ ಮಗಾನೂ ಅವರ ಸಂಗಡ ಇದ್ದಾನು. ಅಲ್ಲೀತನಕ ಸೊಸಿ ಕೈಯಾಗಿನ ಬಳಿ ಯಾರೂ ಮುಟ್ಟಬ್ಯಾಡ್ರಿ.” ಹೀಗೆ ದೆಹಲಿಯವರಿಗೆ ರಾಜಕಾರಣವಾಗಿದ್ದ ಪ್ರಶ್ನೆ ನಮ್ಮ ಮನೆಯಲ್ಲಿ ಅಕ್ಕನ ಹಸಿರು ಬಳೆಯ ಪ್ರಶ್ನೆಯಾಯಿತು. ಹಬ್ಬಕ್ಕೆ ತವರಿನವರು ಸೀರೆ ಒಯ್ಯುತ್ತಾರೆ. ನಾನು ಸೀರೆಯ ಜೊತೆಗೆ ಒಂದು ಹೊಸ ವದಂತಿಯನ್ನೂ ಒಯ್ಯುತ್ತಿದ್ದೆ.

ಗೋಕಾಕದ ವಿಠೋಬಾ ಕಾಕಾ ಈ ಕತೆಗೆ ಬರುವುದು ಇಲ್ಲಿ. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು ಮೆತ್ತಿ, ಬಣ್ಣ ಬಳಿದು ಅವನು ಮಾಡುತ್ತಿದ್ದ ಬಾಳೆಹಣ್ಣನ್ನು ನಮ್ಮ ಬೀಗರೊಬ್ಬರು ನಿಜವೆಂದು ಕಚ್ಚಿ, ಆಮೇಲೆ ಆರು ತಿಂಗಳು ನಮ್ಮೊಡನೆ ಮಾತು ಬಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅವನು ನಾಯಕರ ಗೊಂಬೆಗಳನ್ನೂ ಮಾಡತೊಡಗಿದ. ದಸರೆಗೆ ಒಂದು ಕೊಳ್ಳಹೋದಾಗ ಟೋಪಿಯ ಕೆಳಗೆ, ಕಿವಿಯ ಮೇಲೆ ಒಂದು ಬಿಳಿಗೆರೆ ಕಂಡೆ. ಬಣ್ಣ ಸಿಡಿದಿದೆಯೆಂದು ಉಗುರಿನಿಂದ ಕೆರೆಯಹೋದರೆ ಕಾಕಾ ಕೈ ಹಿಡಿದ.

“ಕೆರೀಬ್ಯಾಡ್ರಿ ಮಾಸ್ತರ. ಹೋದ ವರ್ಷ ಒಂದ ಎಳಿ ಇತ್ತು, ಈ ವರ್ಷ ಎರಡು. ದೇವರಿಗೆ ವಯಸ್ಸಾಗೂದಿಲ್ಲ, ಸತ್ತವರಿಗೂ ಆಗೂದಿಲ್ಲ. ಬದುಕಿದ್ದವರಿಗೆ ಆಗಬೇಕಲ್ರಿ?”

ಇಂಥ ಅಖಂಡನೀಯ ತರ್ಕವನ್ನು ನನ್ನ ವಹಿಯ ಯಾವ ಪುಟದಲ್ಲಿಯೂ ನಾನು ಕಂಡಿರಲಿಲ್ಲ. ಆದರೂ ಪಂಡಿತನೆಂಬ ಮರ್ಯಾದೆಗೆ, ಹಾಗಾದರೆ ಹೊಟ್ಟೆಯೂ ಸ್ವಲ್ಪ ಮುಂದೆ ಬರಬೇಕಲ್ಲ ಎಂದೆ. “ಸನ್ಯಾಸಿಗೆ ಹೊಟ್ಟಿ ಎಲ್ಲಿಂದ ಬರತೈತ್ರಿ? ಅದು ಮಾಸ್ತರ ಮಂದಿಗೆ” ಎಂದು ಅವನು ನನ್ನ ಕೋಟಿನ ಗುಂಡಿಯನ್ನು ನೋಡಿದ. ಅಂದಿನಿಂದ ಪ್ರತಿ ದಸರೆಗೆ ಒಂದು ಎಳೆ ಹೆಚ್ಚಿದ ನಾಯಕರು ನನ್ನ ಚೀಲದಲ್ಲಿ ಕುಳಿತು ಹುಕ್ಕೇರಿಗೆ ಬರತೊಡಗಿದರು. ಅಕ್ಕ ಗೊಂಬೆಯನ್ನು ಬೆಳಕಿಗೆ ಹಿಡಿದು ಎಳೆಗಳನ್ನು ಎಣಿಸುತ್ತಿದ್ದಳು.

ಒಮ್ಮೆ ನಾನು ಹುಕ್ಕೇರಿಯಲ್ಲಿದ್ದಾಗ ಹತ್ತರಗಿಯ ಹೆದ್ದಾರಿಯ ಮರದ ಕೆಳಗೆ ತೇಜಸ್ವಿಯಾದ ಸಾಧುವೊಬ್ಬ ಬಂದು ಕುಳಿತಿದ್ದಾನೆಂದೂ ನಾಯಕರಂತೆಯೇ ಕಣ್ಣಿಗೆ ಚಾಳೀಸು ಹಾಕಿದ್ದಾನೆಂದೂ ಸುದ್ದಿ ಬಂತು. ಚಾಳೀಸು ಎಂದರೆ ಸಾಕಾಯಿತು. ಬಾಜೂಮನೆಯವರ ಸೈಕಲ್ಲು ಇಸಿದುಕೊಂಡು ಬಿಸಿಲಲ್ಲಿ ತುಳಿದು ಹೋಗಿ, ಎದುರು ನಿಂತು, ಸಾಲೆಯ ಕವಾಯತಿನಲ್ಲಿ ಕಲಿತ ಅತ್ಯುತ್ತಮ ಸಲಾಮು ಹೊಡೆದೆ. ಸಾಧು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೀಡಿ ಐತೇನ್ರಿ?” ಎಂದು ಕೇಳಿದ. ಸಂಜೆ ಬೆವರಿಳಿಸುತ್ತ ಮರಳಿದಾಗ ಅಕ್ಕ ಬಾಗಿಲಲ್ಲಿಯೇ ನಿಂತಿದ್ದಳು. ಅವಳು ನಾಯಕರ ಮಾತನ್ನೇ ಎತ್ತಲಿಲ್ಲ. “ತಮ್ಮಾ, ಅವರ ಸಂಗಡ ಯಾರರೆ ಇದ್ರೇನು?” ಎಂದಳು. ಬೀಡಿಯ ಕತೆ ಹೇಳಿ ಎಲ್ಲರನ್ನೂ ನಗಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ನಾನು ಅದನ್ನೆಲ್ಲ ಬಿಟ್ಟು, “ಯಾರೂ ಇದ್ದಿಲ್ಲ ಅಕ್ಕಾ” ಎಂದೆ. ಇಷ್ಟು ವರ್ಷ ನಾನು ಒಯ್ದ ಒಂದೊಂದು ವದಂತಿಯೂ ಅವಳನ್ನು ಇನ್ನೊಂದು ವರ್ಷ ಬಾಗಿಲಲ್ಲಿ ನಿಲ್ಲಿಸಿತ್ತೆಂದು ಆಗ ಹೊಳೆದು, ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಕೆಲವು ವರ್ಷಗಳಾದ ಮೇಲೆ ಸರಕಾರದ ಸಮಿತಿಯೊಂದು ವಿಚಾರಣೆ ನಡೆಸಿ, ನಾಯಕರು ವಿಮಾನದ ಅಪಘಾತದಲ್ಲಿಯೇ ತೀರಿಕೊಂಡರೆಂದು ಹೇಳಿತು. ಹುಕ್ಕೇರಿಯಿಂದ ನನಗೆ ಕರೆ ಬಂತು. ಅಕ್ಕನ ಮಾವನವರು ಮಠದ ಅಯ್ಯನವರನ್ನೂ ಮನೆಯ ಹಿರಿಯರನ್ನೂ ಪಡಸಾಲೆಯಲ್ಲಿ ಕೂರಿಸಿದ್ದರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಪತ್ರಿಕೆಯನ್ನು ಓದಿ ಹೇಳಿದೆ.

“ಓದಿದ್ದು ಆತು” ಎಂದರು ಮುದುಕರು. “ನೀವು ಬಲ್ಲವರು. ನಾಯಕರು ಅದಾರೋ ಇಲ್ಲೋ, ಖರೆ ಹೇಳ್ರಿ. ಇಲ್ಲ ಅಂದ್ರ ಈ ಅಮಾಸಿಗೆ ಮಗನ ಕಾರ್ಯ ಮಾಡಿ, ಬಳಿ ತೆಗಸೂದು.”

ಹತ್ತು ವರ್ಷ ಚಹಾದಂಗಡಿಯಲ್ಲಿ ಎದೆ ತಟ್ಟಿ ಹೇಳಿದ ನನ್ನ ಬಾಯಿಂದ ಆ ದಿನ ಹೊರಟದ್ದು ಎರಡೇ ಮಾತು: “ನನಗ ಗೊತ್ತಿಲ್ರಿ.” ಅಕ್ಕ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. ಮಾವನವರ ಎದುರಿಗೆ ಅವಳು ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಮಾವಾರ, ನಾಯಕರದ್ದು ದಿಲ್ಲಿಯವರು ಹೇಳಲಿ. ನನ್ನ ಗಂಡನ ಸುದ್ದಿ ಯಾವ ಪೇಪರಿನ್ಯಾಗೂ ಬಂದಿಲ್ರಿ. ಬಳಿ ನಾನ ಇಟಗೊಂಡೇನಿ. ತೆಗಿಯೂ ದಿನಾ ಬಂದ್ರ ನಾನ ತೆಗೀತೇನಿ.”

ಮುದುಕರು ಅಯ್ಯನವರತ್ತ ತಿರುಗಿ, “ಹೂಂ, ಆಕಿ ಹೇಳಿದಂಗ ಆಗಲಿ” ಎಂದರು. ಮರುದಿನ ಹೊರಟಾಗ ಅಕ್ಕ ಪೆಟ್ಟಿಗೆಯಿಂದ ಈರಪ್ಪಮಾವನ ಫೋಟೋ ತೆಗೆದು ನನ್ನ ಕೈಗಿಟ್ಟಳು. “ವಿಠೋಬಾ ಕಾಕಾನ ಕಡೆ ಇವರದೂ ಒಂದು ಮಾಡಿಸು. ಇಷ್ಟು ಸಣ್ಣ ಹುಡುಗ ಬ್ಯಾಡ, ಈಗ ಇವರ ಬಾಜೂ ನಾ ನಿಂತ್ರ ಜನ ತಾಯಿ-ಮಗ ಅಂತಾರ. ನನಗಿಂತ ಐದು ವರ್ಷ ದೊಡ್ಡವರು. ಅಷ್ಟು ಬಿಳಿ ಹಚ್ಚಂತ ಹೇಳು.”

ಕಾಕಾ ದುಡ್ಡು ಮುಟ್ಟದೆ ಮಾಡಿಕೊಟ್ಟ. ಆಮೇಲೆ ಪ್ರತಿ ದಸರೆಗೆ ಮೊದಲು ಆ ಗೊಂಬೆ ಹುಕ್ಕೇರಿಯಿಂದ ಗೋಕಾಕಕ್ಕೆ ನನ್ನ ಚೀಲದಲ್ಲಿಯೇ ಪ್ರಯಾಣ ಮಾಡಿ, ಒಂದು ಎಳೆ ಹಚ್ಚಿಸಿಕೊಂಡು ಮನೆಗೆ ಮರಳುತ್ತಿತ್ತು. ಏಳೆಂಟು ವರ್ಷ ಹೀಗೆ ನಡೆಯಿತು. ಮಾವನವರು ತೀರಿಕೊಂಡರು. ಹೋದ ವರ್ಷ ಹುಕ್ಕೇರಿಗೆ ಹೋದರೆ ಅಕ್ಕನ ಕೈ ಬರಿದಾಗಿತ್ತು. ಯಾರೂ ಹೇಳಿರಲಿಲ್ಲ, ಒಂದು ಮುಂಜಾನೆ ತಾನೇ ತೆಗೆದಿಟ್ಟಿದ್ದಳು. “ಈ ಸಲ ಇವರಿಗೆ ಬಿಳಿ ಹಚ್ಚಸಬ್ಯಾಡ ತಮ್ಮಾ. ಇಷ್ಟ ವಯಸ್ಸು ಸಾಕು” ಎಂದಳು. ನಾನು ಅತ್ತೆ. ಅಳುವವನನ್ನು ಸಮಾಧಾನ ಮಾಡುವ ಕೆಲಸವೂ ಅವಳಿಗೇ ಬಿತ್ತು.

ಮೊನ್ನೆ ಕ್ಷೌರ ಮುಗಿಸಿ, ಕಿವಿಯ ಮೇಲಿನ ನನ್ನ ಬಿಳಿಯನ್ನು ಹೊತ್ತುಕೊಂಡೇ ಗೋಕಾಕಕ್ಕೆ ಹೋದೆ. ಕೈನಡುಗುವ ಕಾಕಾ ನಾಯಕರಿಗೆ ಈ ವರ್ಷದ ಎಳೆ ಬರೆಯುತ್ತಿದ್ದ. ಇನ್ನೂ ಯಾಕೆಂದು ಕೇಳದೆ, ಅದನ್ನು ಕೊಂಡು ಚೀಲದಲ್ಲಿಟ್ಟುಕೊಂಡೆ. ಹುಕ್ಕೇರಿಯಲ್ಲಿ ಆ ಗೊಂಬೆಯನ್ನು ಹೊರತೆಗೆಯಲು ಮಾತ್ರ ಅಳುಕಾಯಿತು. ಅಕ್ಕನೇ ಚೀಲಕ್ಕೆ ಕೈಹಾಕಿ ತೆಗೆದಳು, ಬೆಳಕಿಗೆ ಹಿಡಿದಳು, ಎಳೆಗಳನ್ನು ಎಣಿಸಿದಳು.

“ಇರಲಿ ಬಿಡು” ಎಂದಳು. “ನಾಯಕರ ದಾರೀನೂ ಯಾರರೆ ಕಾಯಬೇಕಲ್ಲ.”