ಬೆಳ್ಳುಳ್ಳಿ ಮಂಡಿಯ ರಕ್ತಪಿಶಾಚಿಗಳು

ರಕ್ತಪಿಶಾಚಿಗಳಿಗೆ ಬೆಳ್ಳುಳ್ಳಿ ಕಂಡರಾಗದು. ತೊಂಬತ್ತರ ದಶಕದ ಅದೆಷ್ಟೋ ಭಾನುವಾರಗಳಲ್ಲಿ ನಾವು ಮೂವರು ಗೆಳೆಯರು ರಕ್ತಪಿಶಾಚಿಗಳ ಆಟ ಆಡಿದ್ದು ಮಾತ್ರ ಗುಂಡ್ಲುಪೇಟೆಯ ಒಂದು ಬೆಳ್ಳುಳ್ಳಿ ಮಂಡಿಯಲ್ಲಿ, ಮೂಟೆಗಳ ಮೇಲೆ ಕೂತು. ಆ ಘಾಟು ನೆನಪಾದರೆ ಆಗಿನ ನಮ್ಮ ಮೇಲೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ; ಎಷ್ಟು ಸುಖವಾಗಿದ್ದೆವು ನಾವು!

ಮಂಡಿ ಒಬ್ಬ ಗೆಳೆಯನ ಅಪ್ಪನದು. ಇನ್ನೊಬ್ಬ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗುಮಾಸ್ತ. ನಾನು ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಬರುತ್ತಿದ್ದ ಹೈಸ್ಕೂಲು ಮೇಷ್ಟ್ರು. ಆಟದ ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ನನ್ನ ಹತ್ತಿರ ಇದ್ದುದರಿಂದ ಕಥೆ ನಡೆಸುವವನು ನಾನೇ. ಮಣೆಯಿಲ್ಲ, ಕಾಯಿಲ್ಲ. ನಾನು ಸನ್ನಿವೇಶ ಹೇಳಬೇಕು. ಅವರಿಬ್ಬರೂ ಸಾವಿಲ್ಲದ ಪಿಶಾಚಿಗಳಾಗಿ ಏನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳಬೇಕು. ಪುಸ್ತಕ ಕೇಳುವ ಹತ್ತು ಮುಖದ ದಾಳ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ನಮ್ಮಜ್ಜಿಯ ಚೌಕಾಬಾರದ ಕವಡೆ ತಂದೆ.

ಕಥೆಯನ್ನು ಹೊಯ್ಸಳರ ಕಾಲದಿಂದ ಶುರು ಮಾಡಿದೆವು. ಚಾಮರಾಜನಗರ ಇನ್ನೂ ಅರಿಕುಠಾರವಾಗಿದ್ದಾಗ ಅದರ ಬೀದಿಗಳಲ್ಲಿ ಅಲೆದೆವು. ಸುಲ್ತಾನರ ದಂಡಿನ ಹಿಂದೆ ಹೋದೆವು, ದೊರೆಗಳ ಶಿಕಾರಿ ಡೇರೆಗಳಲ್ಲಿ ಅಡಗಿದೆವು. ಗುಮಾಸ್ತನಿಗೆ ಸಿಕ್ಕವರ ಕುತ್ತಿಗೆಗೆ ಬಾಯಿ ಹಾಕುವುದೇ ಖುಷಿ. ಮಂಡಿಯ ಗೆಳೆಯನದು ಪೇಚಾಟ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅವರದು. ತನ್ನ ಪಿಶಾಚಿ ಸೋಮವಾರ ರಕ್ತ ಮುಟ್ಟುವುದಿಲ್ಲವೆಂದು ಹಟ ಹಿಡಿದ.

"ಸೋಮಾರ ಶಿವನ್ ವಾರ ಕಣ್ಲಾ, ಸತ್ತೋರ್ಗೂ ಅಷ್ಟೇಯ," ಅಂದ.

ಒಪ್ಪಿಕೊಂಡೆ. ಪುಸ್ತಕ ಬರೆದವರೇನು ಗುಂಡ್ಲುಪೇಟೆಗೆ ಬಂದು ನೋಡುತ್ತಾರೆಯೇ?

ಗೆಳೆಯನ ಅಪ್ಪ ಹೊರಗಿನ ಜಗಲಿಯಲ್ಲಿ ನಶ್ಯ ಏರಿಸುತ್ತಾ ಗೊಣಗುತ್ತಿದ್ದರು: "ಮದ್ವೆ ವಯಸ್ಸಿನ್ ಗಂಡುಸ್ರು, ದೆವ್ವದಾಟ ಆಡ್ಕಂಡು ಕುಂತವೆ." ಅವರನ್ನು ನಾನು ಆಟದೊಳಕ್ಕೇ ಎಳೆದುಕೊಂಡೆ. ಕಥೆಯ ಪ್ರತಿ ಕಾಲದಲ್ಲೂ ಒಬ್ಬ ಬೆಳ್ಳುಳ್ಳಿ ಸಾಹುಕಾರ ಬರುತ್ತಿದ್ದ. ಅದೇ ಕೆಮ್ಮು, ಅದೇ ಗೊಣಗು, ಅದೇ ದನಿ. ಪಿಶಾಚಿಗಳು ಅವನ ಅಂಗಡಿಯ ಹತ್ತಿರ ಸುಳಿಯುವಂತಿರಲಿಲ್ಲ, ಬೀದಿಯಾಚೆ ನಿಂತು ಬೈಸಿಕೊಳ್ಳಬೇಕು. ಗೆಳೆಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಗ ಹೊರಗಿನ ಗೊಣಗು ನಿಂತುಬಿಡುತ್ತಿತ್ತು. ಅವರು ಕಿವಿಗೊಟ್ಟು ಕೇಳುತ್ತಿದ್ದರೆಂದು ನಮಗೆ ಗೊತ್ತಿತ್ತು.

ಕಥೆ ಸ್ವಾತಂತ್ರ್ಯದ ಹೊಸ್ತಿಲಿಗೆ ಬಂದಿದ್ದಾಗ ಅವರು ತೀರಿಕೊಂಡರು. ಎದೆನೋವು ಅಂದವರನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದರು. ಬೇಗೂರು ದಾಟುವಷ್ಟರಲ್ಲಿ ಮುಗಿದಿತ್ತು. ಅವರದೇ ಹೊಲದ ಬದಿಯಲ್ಲಿ ಕೂರಿಸಿ ಮಣ್ಣು ಮಾಡಿದೆವು.

ತಿಂಗಳುಗಳ ಮೇಲೆ ಗೆಳೆಯ ತಾನೇ ಆಟಕ್ಕೆ ಕರೆದ. ನಾನು ಸಾಹುಕಾರನನ್ನು ಸದ್ದಿಲ್ಲದೆ ಕೈಬಿಟ್ಟೆ. ಕಥೆಯಲ್ಲಿ ಸಂತೆ ಬಂತು, ಅಂಗಡಿ ಬೀದಿ ಬಂತು, ಸಾಹುಕಾರ ಬರಲಿಲ್ಲ. ಗೆಳೆಯ ಕವಡೆ ಕೆಳಗಿಟ್ಟ.

"ಸಾವ್ಕಾರ ಎಲ್ಲೋದ್ನಲಾ?"

"ಅದ್ನ ಬುಡ್ಲಾ," ಅಂದ ಗುಮಾಸ್ತ.

"ನಿನ್ನ ಕೇಳ್ನಿಲ್ಲ. ಕತೆ ಏಳೋನ್ನ ಕೇಳ್ದೆ."

ಸತ್ತವರ ದನಿಯನ್ನು ಅವರದೇ ಮಂಡಿಯಲ್ಲಿ, ಅವರ ಮಗನ ಮುಂದೆ ತೆಗೆಯುವುದು ಹೇಗೆ? ತೆಗೆದರೆ ಅವನು ತಡೆದುಕೊಳ್ಳುತ್ತಾನೋ ಇಲ್ಲವೋ ಎಂಬ ಭಯ. ತೆಗೆಯದಿದ್ದರೆ ಎದ್ದು ಹೋಗುತ್ತಾನೆ, ಇನ್ನೆಂದೂ ನಮ್ಮ ಜೊತೆ ಕೂರುವುದಿಲ್ಲ ಎನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಅವರ ಹಾಗೆ ಒಮ್ಮೆ ಕೆಮ್ಮಿದೆ. ಬೈಯಲೆಂದೇ ಬಾಯಿ ತೆರೆದೆ, ಬೈಗುಳ ಬರಲಿಲ್ಲ.

"ಅಲ್ಯಾಕ್ಲಾ ನಿಂತಿದ್ದೈ ಮಗ? ಎಷ್ಟ್ ಸೊರಗೋಗಿದ್ದೈ. ಉಂಡ್ಯಾ?"

ಗೆಳೆಯ ತಲೆ ತಗ್ಗಿಸಿದ. ಅವನ ಪಿಶಾಚಿ ನೂರಾರು ವರ್ಷಗಳಿಂದ ಒಂದು ಅಗುಳು ಅನ್ನ ಮುಟ್ಟಿರಲಿಲ್ಲ.

"ಇಲ್ಲ ಕಣಪ್ಪ," ಅಂದ. "ಇನ್ನೂ ಉಂಡಿಲ್ಲ."